ಮುದುಕಪ್ಪನ ಎಮ್ಮೆಗೆ ಹೊಟ್ಟೆ ಕಟ್ಟಿದ್ದು

ನಮ್ಮ ಓಣಿಯ ಮುದುಕಪ್ಪನಿಗೆ ಮೂವತ್ತಾರು ವರ್ಷ. ಹೆಸರು ತಾತನದು, ತಪ್ಪು ಅವನದಲ್ಲ. ಸಿಂಧನೂರಿನ ಹೊರಗಿರುವ ಒಂದು ರೈಸ್‌ಮಿಲ್ಲಿನಲ್ಲಿ ಅಕ್ಕಿಗೆ ಪಾಲಿಶ್ ಹಿಡಿಯುವ ಮಷಿನ್ನಿನ ಮೇಲೆ ಅವನ ಕೆಲಸ. ಭತ್ತದ ಹೊಟ್ಟು ಹಾರಿಸಿದ ಮೇಲೆ ಅಕ್ಕಿ ಕಂದು ಬಣ್ಣಕ್ಕಿರುತ್ತದೆ. ಅದರ ಮೈಮೇಲಿನ ತೌಡನ್ನು ಉಜ್ಜಿ ಉಜ್ಜಿ ತೆಗೆದು ಬೆಳ್ಳಗೆ ಮಾಡುವುದೇ ಪಾಲಿಶ್. ತೌಡು ದನಗಳಿಗೆ, ಬಿಳಿ ಅಕ್ಕಿ ಮನುಷ್ಯರಿಗೆ. ಈ ಹಂಚಿಕೆಯನ್ನು ದೇವರೇ ಮಾಡಿದ್ದಾನೆ, ತಾನು ಬರೀ ಸ್ವಿಚ್ ಹಾಕುವವನು ಎಂದು ಮುದುಕಪ್ಪ ನಂಬಿದ್ದ.

ಅವನಿಗೆ ಇದ್ದ ಸೊಕ್ಕು ಈ ಬಿಳಿ ಅಕ್ಕಿಯದೊಂದೇ. ಬೇರೆ ಸೊಕ್ಕಿಗೆ ಸಂಬಳ ಸಾಲುತ್ತಿರಲಿಲ್ಲ. ಹೆಡ್ ಆಪರೇಟರ್ ಆದ ದಿನವೇ ಮನೆಯಲ್ಲಿ ಜೋಳದ ರೊಟ್ಟಿ ಬಂದ್ ಮಾಡಿಸಿದ. ಹೆಂಡತಿ ಉಮಾದೇವಿ ಸಂತೆಕಲ್ಲೂರಿನವಳು, ಜೋಳದ ನಾಡಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಬೆಳೆದವಳು. ಆಕೆ ಒಂದು ಸಲ ಬಾಯಿಬಿಟ್ಟು ಕೇಳಿದ್ದಕ್ಕೆ, "ಊರಿಗೆಲ್ಲ ಮಲ್ಲಿಗಿಯಂಥ ಅಕ್ಕಿ ಮಾಡಿಕೊಡೋನ ಮನ್ಯಾಗ ರೊಟ್ಟಿ ಬಡಿದ್ರ ಮಂದಿ ಏನಂತಾರ?" ಎಂದ. ಮಂದಿ ಏನೂ ಅನ್ನುತ್ತಿರಲಿಲ್ಲ. ಮಂದಿಯ ಮನೆಯಲ್ಲೂ ರೊಟ್ಟಿಯೇ ಇತ್ತು. ಆದರೂ ಅಂದಿನಿಂದ ಆ ಮನೆಯಲ್ಲಿ ಮೂರು ಹೊತ್ತೂ ಬಿಳಿ ಅನ್ನ, ನಡುವೆ ಬಿಸ್ಕೀಟು.

ಇದರ ಫಲವನ್ನು ಉಂಡವಳು ಐದು ವರ್ಷದ ಮಗಳು ಮೌನೇಶ್ವರಿ. ಹೊಟ್ಟೆ ಕಟ್ಟಿಕೊಂಡು ನಾಲ್ಕು ದಿನಕ್ಕೊಮ್ಮೆ, ಐದು ದಿನಕ್ಕೊಮ್ಮೆ ಸಂಡಾಸಕ್ಕೆ ಹೋಗುವಳು. ಹೋದಾಗ ಅಳು ಓಣಿಯ ಕೊನೆಯವರೆಗೆ ಕೇಳಿಸುತ್ತಿತ್ತು, ಯಾಕೆಂದು ಮಾತ್ರ ಹೊರಗಿನವರಿಗೆ ಗೊತ್ತಿರಲಿಲ್ಲ. ಒಮ್ಮೆ ಬಹಳ ನೋವಾಯಿತು. ಅಂದಿನಿಂದ ಸಂಡಾಸದ ಹೆಸರು ಎತ್ತಿದರೆ ಸಾಕು, ಕೂಸು ಕಾಲು ಜೋಡಿಸಿ, ಹಲ್ಲು ಕಚ್ಚಿ, ಗೋಡೆ ಹಿಡಿದು ನಿಲ್ಲುತ್ತಿತ್ತು. ನೋಡಿದವರ ಕರುಳು ಚುರ್ ಅನ್ನುವಂತಿತ್ತು ಆ ನಿಲುವು.

ಕಡೆಗೆ ಮುದುಕಪ್ಪ ಮಗಳನ್ನು ಮಕ್ಕಳ ಡಾಕ್ಟರ್ ಅನುಪಮಾ ಅವರ ಹತ್ತಿರ ಕರೆದುಕೊಂಡು ಹೋದ. ಉಮಾದೇವಿ ಅಂದು ಬಸುರಿ ತಂಗಿಯ ಕುಬಸಕ್ಕೆಂದು ತವರಿಗೆ ಹೋಗಿದ್ದಳು. ಆಕೆ ಜೊತೆಗಿದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಡಾಕ್ಟರು ಕೂಸಿನ ಹೊಟ್ಟೆ ಒತ್ತಿ ನೋಡಿ, "ಈಕಿ ಮುಂಜಾನೆ ಏನು ಉಣ್ತಾಳ?" ಎಂದು ಕೇಳಿದರು.

"ಅನ್ನ ರೀ. ನಾನ ಪಾಲಿಶ್ ಹಿಡದಿದ್ದು."

"ಮಧ್ಯಾಹ್ನ?"

"ಅನ್ನ ರೀ."

"ರಾತ್ರಿ?"

"ಉಳದಿದ್ದ ಅನ್ನ ರೀ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡ್ರಿ, ಊಟದಾಗ ನಾರಿನಂಶ ಇಲ್ಲ. ನೀವು ಮಿಲ್ಲಿನ್ಯಾಗ ಉಜ್ಜಿ ತಗೀತೀರಲ್ಲ ತೌಡು, ಅಕ್ಕಿಯ ನಾರೆಲ್ಲ ಅದರಾಗ ಹೋಗ್ತೈತಿ. ನಾರಿರೋ ಊಟ ಆಕಿಗೆ ಬೇಕು. ಆಕಿ ಒಬ್ಬಾಕಿಗೇ ಅಲ್ಲ, ಮನಿಮಂದೆಲ್ಲ ಅದನ್ನ ಉಣ್ಣಬೇಕು. ನೀವು ಒಂದು ಉಂಡು ಆಕಿಗೊಂದು ಹಾಕಿದ್ರ ಕೂಸು ಮುಟ್ಟಂಗಿಲ್ಲ."

ಡಾಕ್ಟರು ಮುಂದೆಯೂ ಬಹಳ ಹೇಳಿದರು. ಆದರೆ ತೌಡು ಎಂಬ ಮಾತು ಕೇಳಿದ ಮೇಲೆ ಮುದುಕಪ್ಪನ ಕಿವಿ ಮುಚ್ಚಿಹೋಗಿತ್ತು. ಓದಿದ ಡಾಕ್ಟರೊಬ್ಬರು ತನಗೆ ಗೊತ್ತಿರುವ ವಿಷಯ ಮಾತಾಡಿದ್ದು ಅವನ ಜೀವನದಲ್ಲಿ ಅದೇ ಮೊದಲು. ಕೊನೆಯ ಮಾತು ಮಾತ್ರ ಕಿವಿಗೆ ಬಿತ್ತು: "ಒಂದು ವಾರದಾಗ ಸಡಿಲ ಆಗಲಿಲ್ಲಂದ್ರ ರಾಯಚೂರಿಗೆ ಕರಕೊಂಡು ಹೋಗ್ರಿ. ಅಲ್ಲಿ ಅಡ್ಮಿಟ್ ಮಾಡಿ, ಕೆಳಗಿನಿಂದ ಔಷಧಿ ಏರಿಸಿ ತಗೀಬೇಕಾಗ್ತೈತಿ." ಮುದುಕಪ್ಪ ಮಗಳ ಮುಖ ನೋಡಿದ. ಆಕೆ ಡಾಕ್ಟರ ಮೇಜಿನ ಮೇಲಿನ ಪ್ಲಾಸ್ಟಿಕ್ ಗಿಳಿಯನ್ನು ನೋಡುತ್ತಿದ್ದಳು. ಅವನಿಗೆ ಅಳು ಬಂದಂತಾಯಿತು. ಬರೆದುಕೊಟ್ಟ ಚೀಟಿಯನ್ನು ಓದದೆ ಮಡಚಿ ಜೇಬಿಗಿಟ್ಟ.

ಪಾಲಿಶ್ ಹಿಡಿಯದ ಅಕ್ಕಿ ತಂದಿದ್ದರೂ ಒಂದು ದಾರಿಯಾಗುತ್ತಿತ್ತು. ಆದರೆ ತನ್ನ ಮನೆಯಲ್ಲಿ ಕಂದು ಅನ್ನ ಬೇಯಿಸಿದರೆ ಮಷಿನ್ನಿಗೆ ಮಾಡಿದ ಅವಮಾನವಲ್ಲವೇ? ಅಕ್ಕಿ ಬೆಳ್ಳಗೇ ಇರಲಿ, ತೌಡನ್ನು ಬೇರೆ ತಂದು ಕೂಡಿಸೋಣ, ಕೂಡಿಸಿದರೆ ಎರಡೂ ಒಂದೇ ಎಂದು ಅವನು ತರ್ಕಿಸಿದ. ಹಗಲೆಲ್ಲ ತೆಗೆದದ್ದನ್ನು ಸಂಜೆ ಮನೆಗೆ ತಂದು ಮತ್ತೆ ಹಾಕುವ ಈ ಯೋಚನೆ ಪಾಲಿಶ್ ಹಿಡಿಯುವವನೊಬ್ಬನಿಗೆ ಮಾತ್ರ ಬರಲು ಸಾಧ್ಯ.

ಮರುದಿನ ಸಂಜೆ ಎರಡು ಕಿಲೋ ತೌಡು ಚೀಲಕ್ಕೆ ತುಂಬಿಕೊಂಡು ಹೊರಟಾಗ ಗೇಟಿನಲ್ಲಿ ವಾಚ್‌ಮನ್ ಇಶ್ತಿಯಾಕ್ ತಡೆದ. ಇವನು ನಮ್ಮ ಓಣಿಯವನೇ, ಗುಲ್ಷನ್‌ಬೀಯ ಮಗ.

"ಮುದುಕಪ್ಪಣ್ಣ, ತೌಡು ಎದಕ?"

ಎದಕ ಎಂದು ಹೇಳುವುದು? ಬಿಳಿ ಅಕ್ಕಿಯ ಮುದುಕಪ್ಪನ ಮನೆಯಲ್ಲಿ ತೌಡು ತಿನ್ನುತ್ತಾರೆ ಎಂದೇ? ಹೆಣ್ಣುಮಗಳಿಗೆ ಸಂಡಾಸ ಆಗುತ್ತಿಲ್ಲ ಎಂದು ಮಿಲ್ಲಿನ ಗೇಟಿನಲ್ಲಿ ನಿಂತು ಹೇಳುವುದೇ? ಮರ್ಯಾದಸ್ತ ಮನುಷ್ಯನಿಗೆ ಉಳಿದದ್ದು ಒಂದೇ ಉತ್ತರ.

"ಎಮ್ಮಿ ಕಟ್ಟೀನಿ," ಎಂದ.

ಆ ಗಳಿಗೆಯಲ್ಲಿ ಎಮ್ಮೆ ಹುಟ್ಟಿತು.

ಮನೆಯಲ್ಲಿ ತೌಡಿನ ಉಪ್ಪಿಟ್ಟು, ತೌಡಿನ ಉಂಡೆ, ತೌಡು ಕಲಸಿದ ಅನ್ನ ಶುರುವಾದವು. ಡಾಕ್ಟರ ಆಜ್ಞೆಯಂತೆ ಮನೆಮಂದಿಯೆಲ್ಲ ತಿನ್ನಬೇಕು. ಮುದುಕಪ್ಪನ ತಾಯಿ ಗದ್ದೆಮ್ಮ ಜವಳಗೇರಾದಲ್ಲಿ ಕಾಲುವೆ ಬಂದಾಗಿನಿಂದ ಗದ್ದೆಯಲ್ಲಿ ನಾಟಿ ಮಾಡಿದ ಜೀವ. ಆಕೆ ತಟ್ಟೆಯನ್ನು ದೀಪದ ಹತ್ತಿರ ಹಿಡಿದು ನೋಡಿ, "ಹುಟ್ಟಿದಾಗಿನಿಂದ ದನಕ್ಕ ತೌಡು ಹಾಕೀನಿ. ಸಾಯೋ ಮುಂದ ದನ ಆಗಂಗಾತು," ಎಂದಳು. ಆದರೂ ಮೊಮ್ಮಗಳ ಎದುರು ಕಣ್ಣು ಮುಚ್ಚಿ ನುಂಗಿದಳು. ಉಮಾದೇವಿ ತವರಿನಿಂದ ಬಂದವಳೇ, "ಡಾಕ್ಟರು ಖರೇನ ಹಿಂಗ ಹೇಳಿದ್ರೇನು?" ಎಂದು ಮೂರು ಸಲ ಕೇಳಿದಳು. ಮುದುಕಪ್ಪ ಮೂರು ಸಲವೂ ಹೌದೆಂದ. ಕೂಸು ಎರಡು ತುತ್ತು ತಿಂದು ಬಾಯಿ ಒಣಗಿಸಿಕೊಂಡು ಕೂಡುತ್ತಿತ್ತು.

ಇತ್ತ ಎಮ್ಮೆ ಓಣಿಯಲ್ಲಿ ಬೆಳೆಯತೊಡಗಿತು. ಮೊದಲು ಬಂದವಳು ಗುಲ್ಷನ್‌ಬೀ. ಒಂದು ಕಾಲಕ್ಕೆ ಹನ್ನೊಂದು ಎಮ್ಮೆ ಸಾಕಿದವಳು. ಸುತ್ತಲಿನ ಹೊಲಗಳೆಲ್ಲ ಸೈಟುಗಳಾದ ಮೇಲೆ ಕಡೆಯ ಎಮ್ಮೆಯನ್ನು ಮಸ್ಕಿ ಸಂತೆಯಲ್ಲಿ ಮಾರಿ, ಬಸ್ಸಿನಲ್ಲಿ ಅಳುತ್ತ ಬಂದವಳು.

"ಬೇಟಾ, ಎಲ್ಲಿ ಕಟ್ಟೀ?"

"ಸಾಲಗುಂದದ ಕಡಿ ಗೆಳೆಯರ ಹೊಲದಾಗ, ಚಾಚಿ."

"ನನಗ ದಿನಾ ಅರ್ಧ ಲೀಟರ್ ಹಾಕು."

"ಗಬ್ಬ ಐತಿ ಚಾಚಿ. ಹಾಲಿಲ್ಲ."

"ಎಷ್ಟು ತಿಂಗಳು?"

ಮುದುಕಪ್ಪ ಆಕಾಶ ನೋಡಿ, "ಎಂಟು," ಎಂದ. ಎಮ್ಮೆಗೆ ಹತ್ತು ತಿಂಗಳು ಎಂಬುದಷ್ಟು ಗೊತ್ತಿತ್ತು. ಗುಲ್ಷನ್‌ಬೀ ಬೆರಳು ಮಡಚಿ ಎಣಿಸಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಮರುದಿನದಿಂದ ಓಣಿಯವರು ಎಮ್ಮೆ ಈದ ಮೇಲಿನ ಗಿಣ್ಣದ ಹಾಲಿಗೆ ಪಾತ್ರೆಗಳನ್ನು ತಂದಿಟ್ಟು ಹೋಗತೊಡಗಿದರು.

ಪಾತ್ರೆಗಳನ್ನಾದರೂ ಒಳಗಿಡಬಹುದು. ಮುಸುರೆಯನ್ನು ಏನು ಮಾಡುವುದು? ಗಬ್ಬದ ಎಮ್ಮೆ ಎಂದರೆ ನಮ್ಮ ಕಡೆ ಬಸುರಿ ಹೆಂಗಸಿಗೆ ಸಮಾನ. ಅಕ್ಕಿ ತೊಳೆದ ನೀರು, ಗಂಜಿ, ಕಾಯಿಪಲ್ಲೆಯ ಸಿಪ್ಪೆ, ಹಳಸಿದ ಸಾರು ಎಲ್ಲವನ್ನೂ ಬಕೆಟ್ಟಿಗೆ ಸುರಿದು ಎಮ್ಮೆ ಇದ್ದವರ ಬಾಗಿಲಿಗೆ ಇಡುವುದು ಪುಣ್ಯದ ಕೆಲಸ. ಮುದುಕಪ್ಪನ ಕಟ್ಟೆಯ ಮೇಲೆ ಸಂಜೆಗೆ ಏಳು ಬಕೆಟ್ ಮುಸುರೆ ಸಾಲಾಗಿ ನಿಲ್ಲತೊಡಗಿತು. ಅವನ್ನು ಎಮ್ಮೆಗೆ ಮುಟ್ಟಿಸುವವನಂತೆ ಬೈಕಿಗೆ ಕಟ್ಟಿಕೊಂಡು, ಮೈಮೇಲೆ ಚೆಲ್ಲಿಕೊಳ್ಳುತ್ತ, ಅವನು ಸಾಲಗುಂದದ ದಾರಿ ಹಿಡಿದು ಹೋಗಿ ಮುಳ್ಳುಕಂಟಿಯ ಹಿಂದೆ ಸುರಿದು ಬರುತ್ತಿದ್ದ. ಇಲ್ಲದ ಎಮ್ಮೆಯನ್ನು ಇಷ್ಟು ನಿಷ್ಠೆಯಿಂದ ಸಾಕಿದವರನ್ನು ನಾನು ಕಂಡಿಲ್ಲ. ಇದ್ದ ಎಮ್ಮೆಯನ್ನೂ ಮಂದಿ ಹೀಗೆ ಸಾಕುವುದಿಲ್ಲ.

ಈ ಗದ್ದಲದಲ್ಲಿ ಐದು ದಿನ ಕಳೆಯಿತು. ಮೌನೇಶ್ವರಿ ಒಂದು ಸಲವೂ ಹೋಗಲಿಲ್ಲ. ಹೊಟ್ಟೆ ಗಟ್ಟಿಯಾಯಿತು. ಮುದುಕಪ್ಪನಿಗೆ ಗಾಬರಿ ಹತ್ತಿತು. ಅವನಿಗೆ ಗಾಬರಿಯಾದರೆ ದನಿ ಏರುತ್ತದೆ. ಬೆಳಿಗ್ಗೆ ಕೂಸನ್ನು ಸಂಡಾಸದಲ್ಲಿ ಕೂಡಿಸಿ, ಬಾಗಿಲು ತೆರೆದಿಟ್ಟು, ಮೊಬೈಲಿನಲ್ಲಿ ಟೈಮ್ ನೋಡುತ್ತ ಎದುರಿಗೆ ನಿಲ್ಲುತ್ತಿದ್ದ. ಗದ್ದೆಮ್ಮ ಹಿಂದಿನಿಂದ, "ತಿಣುಕು, ಇನ್ನಷ್ಟು ತಿಣುಕು," ಎನ್ನುವಳು. ಉಮಾದೇವಿ ಹೊಸ್ತಿಲಲ್ಲಿ ದೇವರನ್ನು ನೆನೆಯುವಳು. ಇಂಥ ಸಭೆಯ ಎದುರು ದೊಡ್ಡವರಿಗೂ ಆಗುವುದಿಲ್ಲ. ಐದನೆಯ ದಿನ ಮುದುಕಪ್ಪ ತಾಳ್ಮೆಗೆಟ್ಟು ಕೂಸಿನ ಬೆನ್ನಿಗೊಂದು ಏಟು ಹಾಕಿದ. ಆಮೇಲೆ ಮಿಲ್ಲಿಗೆ ಹೋಗಿ ಮಷಿನ್ನಿನ ಹಿಂದೆ ಕೂತು ಅತ್ತ. ಆ ದಿನದ ಅಕ್ಕಿ ಎರಡೆರಡು ಸಲ ಪಾಲಿಶ್ ಆಯಿತು.

ಆರನೆಯ ದಿನ ಭಾನುವಾರ. ಕಾಲುಬಾಯಿ ರೋಗದ ಲಸಿಕೆ ಹಾಕಿ, ದನಗಳ ಕಿವಿಗೆ ಹಳದಿ ಓಲೆ ಹೊಡೆಯುವ ಕೆಲಸ ತಾಲೂಕಿನಲ್ಲಿ ಜೋರಾಗಿ ನಡೆದಿತ್ತು. ಪಶು ಇಲಾಖೆಯ ಸಂಗನಬಸವ ಲಿಂಗಸುಗೂರಿನವರು, ಕೆಲಸ ಅಂದರೆ ರಜೆ ಗಿಜೆ ನೋಡದವರು. ಅವರಿಗೆ ಮಿಲ್ಲಿನ ಮುದುಕಪ್ಪನ ಎಮ್ಮೆಯ ಸುದ್ದಿ ಮುಟ್ಟಿಸಿದವಳು ಗುಲ್ಷನ್‌ಬೀ. ಗಬ್ಬದ ಎಮ್ಮೆ ಬಿಟ್ಟುಹೋಗಬಾರದೆಂಬ ಕಳಕಳಿ. ಮಾಲೀಕನ ಮೊಬೈಲಿಗೆ ಓಟಿಪಿ ಬರಬೇಕಾದ್ದರಿಂದ ಅವರು ನೇರ ನಮ್ಮ ಓಣಿಗೇ ಬಂದು ಮುದುಕಪ್ಪನ ಕಟ್ಟೆಯ ಮೇಲೆ ರಿಜಿಸ್ಟರ್ ಬಿಚ್ಚಿದರು. ಅಧಿಕಾರಿ ಕೂತ ಮೇಲೆ ಓಣಿ ಕೂಡದೆ ಇರುತ್ತದೆಯೇ? ಗುಲ್ಷನ್‌ಬೀ, ಇಶ್ತಿಯಾಕ್, ನಾನು, ಬಕೆಟ್ ಇಡಲು ಬಂದವರು, ಪಾತ್ರೆ ಇಟ್ಟವರು ಎಲ್ಲರೂ ಸುತ್ತುಗಟ್ಟಿದೆವು.

"ಎಷ್ಟು ವರ್ಷದ್ದು?" ಎಂದರು ಸಂಗನಬಸವ.

"ಐದು," ಎಂದ ಮುದುಕಪ್ಪ. ಅವನ ತಲೆಯಲ್ಲಿ ಇದ್ದದ್ದು ಅದೊಂದೇ ಲೆಕ್ಕ.

"ಆರೋಗ್ಯ?"

ಇಲ್ಲಿ ಅವನು ಚಲೋ ಐತಿ ಎಂದು ಬಿಟ್ಟಿದ್ದರೆ ಆಗಿತ್ತು. ಆದರೆ ಆರು ದಿನದಿಂದ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ.

"ಆರು ದಿನ ಆತು ಸಾರ್, ಹೊಟ್ಟಿ ಕಟ್ಟೈತಿ. ಒಂದು ಸಲಾನೂ ಸಗಣಿ ಹಾಕಿಲ್ಲ."

ಓಣಿ ಗಂಭೀರವಾಯಿತು. ಮನುಷ್ಯರ ಹೊಟ್ಟೆಯ ವಿಷಯ ಎತ್ತಿದರೆ ಮೂಗು ಮುಚ್ಚಿಕೊಳ್ಳುವ ಜನ, ಎಮ್ಮೆಯದೆಂದ ಕೂಡಲೇ ಹತ್ತಿರ ಸರಿದು ಕೂತರು. ಹೆಂಗಸರು ಸೆರಗು ಸರಿಮಾಡಿಕೊಂಡರು. ಗಟ್ಟಿ ಇತ್ತೇ, ಹಿಕ್ಕೆಯಂತಿತ್ತೇ, ಬಣ್ಣವೇನು ಎಂದು ಸಾಲುಸಾಲು ಪ್ರಶ್ನೆ. ಮುದುಕಪ್ಪ ಒಂದೊಂದಕ್ಕೂ ಮುಚ್ಚಿಡದೆ ಉತ್ತರಿಸಿದ. ವಾರವಿಡೀ ಎದೆಯೊಳಗೆ ಇಟ್ಟುಕೊಂಡದ್ದನ್ನು ಹೇಳಿ ಅವನ ಮುಖ ಹಗುರಾಗತೊಡಗಿತ್ತು.

"ತಿನ್ನಾಕ ಏನು ಹಾಕೀರಿ?" ಎಂದರು ಸಂಗನಬಸವ.

"ಅಕ್ಕಿ, ತೌಡು."

"ಹಸಿ ಮೇವು?"

"ಇಲ್ಲ ಸಾರ್."

"ನೀರು ಎಷ್ಟು ಕುಡೀತೈತಿ?"

"ಒಂದು... ಒಂದೆರಡು ಲೋಟ."

ಸಂಗನಬಸವ ಕನ್ನಡಕ ತೆಗೆದರು. "ಎಮ್ಮಿಗೆ ಎರಡು ಲೋಟ ನೀರು? ಒಣ ತೌಡು ತುಂಬಿ ನೀರು ಕುಡಸಲಿಲ್ಲಂದ್ರ ಅದು ಹೊಟ್ಟ್ಯಾಗ ಇಟ್ಟಂಗಿ ಆಗ್ತೈತಿ ಮಾರಾಯಾ. ತೌಡು ಮದ್ದಲ್ಲ. ಹಸಿರು ಬೇಕು, ನೀರು ಬೇಕು. ಇಷ್ಟು ವರ್ಷ ಮಿಲ್ಲಿನ್ಯಾಗ ತೌಡು ಕುಟ್ಟಿದ್ದು ಇದಕೇನು?"

ಬಾಗಿಲಲ್ಲಿ ನಿಂತಿದ್ದ ಉಮಾದೇವಿ ಗಂಡನನ್ನು ನೋಡಿದಳು. ಆ ನೋಟವನ್ನು ಇಲ್ಲಿ ಬಣ್ಣಿಸುವುದು ಬೇಡ.

ಆಗ ಗುಲ್ಷನ್‌ಬೀ ಬಾಯಿ ತೆರೆದಳು. "ಒಂದು ಮಾತು ಹೇಳು ಬೇಟಾ. ಅದು ಸಗಣಿ ಹಾಕೋ ಹೊತ್ತಿನ್ಯಾಗ ನೀ ಎಲ್ಲಿರ್ತೀ?"

"ಎದುರಿಗೆ, ಚಾಚಿ. ಮೊಬೈಲ್ ಹಿಡಕೊಂಡು."

"ಮತ್ಯಾರು ಇರ್ತಾರ?"

"ನಮ್ಮವ್ವ ಹಿಂದ. ನಮ್ಮಾಕಿ ಬಾಗಲದಾಗ."

"ಬೈತೀ?"

"ಒಮ್ಮೊಮ್ಮೆ."

"ಹೊಡದೀ?"

"ಒಂದು ಸಲ," ಎಂದ ಮುದುಕಪ್ಪ.

"ತಪ್ಪು ಮಾಡೀ," ಎಂದಳು ಗುಲ್ಷನ್‌ಬೀ. ದನಿ ಏರಿಸಲಿಲ್ಲ. "ಹನ್ನೊಂದು ಎಮ್ಮಿ ಸಾಕೀನಿ ನಾನು. ಅಂಜಿಕಿ ಹೊಟ್ಟಿ ಕಟ್ತೈತಿ. ಮೊದಲೇ ನೋವು ತಿಂದದ್ದು, ಮತ್ತ ನೋವಾಗ್ತೈತಂತ ಬಿಗಿ ಹಿಡೀತೈತಿ. ಅಂಥಾ ಟೈಮಿನ್ಯಾಗ ಎದುರಿಗೆ ನಿಂತು ಬೈದು ಹೊಡದ್ರ ಆ ಮೂಕ ಜೀವ ಏನು ಮಾಡಬೇಕು? ಅದಕ್ಕ ಬಾಯಿ ಐತೇನು, ನನಗ ನೋವಾಗ್ತೈತಿ ಅಂತ ಹೇಳಾಕ?"

ಅಷ್ಟರಲ್ಲಿ ಉಮಾದೇವಿಯ ಸೀರೆಯ ಹಿಂದಿನಿಂದ ಮೌನೇಶ್ವರಿ ಹೊರಗೆ ಬಂದಳು. ನೆಟ್ಟಗೆ ಗುಲ್ಷನ್‌ಬೀಯ ಮುಂದೆ ಹೋಗಿ ನಿಂತಳು.

"ಬೀ ಅಜ್ಜಿ, ಎಮ್ಮಿಗಲ್ಲ. ನನಗ."

ಯಾರೂ ನಗಲಿಲ್ಲ. ನಮ್ಮ ಓಣಿಗೆ ನಗಲು ಕಾರಣ ಬೇಕಿಲ್ಲ, ಬಸ್ಸು ಕೆಟ್ಟು ನಿಂತರೂ ನಗುವ ಜನ. ಆದರೂ ಅಂದು ಯಾರೂ ನಗಲಿಲ್ಲ. ಸಂಗನಬಸವ ರಿಜಿಸ್ಟರಿನಲ್ಲಿ ಬರೆದ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೀಟು ಎಳೆದು, ಪಕ್ಕದಲ್ಲಿ ಸಹಿ ಮಾಡಿದರು. ಗುಲ್ಷನ್‌ಬೀ ಕೂಸನ್ನು ತೊಡೆಯ ಮೇಲೆ ಎಳೆದುಕೊಂಡು, ಗಟ್ಟಿಯಾದ ಆ ಪುಟ್ಟ ಹೊಟ್ಟೆಯ ಮೇಲೆ ಕೈಯಿಟ್ಟಳು. "ಎಷ್ಟು ನೋವು ತಿಂದೀಯವ್ವ," ಎಂದಳು. ಕೂಸು ಹೌದೆಂದು ತಲೆಯಾಡಿಸಿತು. ಮುದುಕಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಉಮಾದೇವಿ ಒಳಗೆ ಹೋಗಿ, ದವಾಖಾನೆಗೆ ತೊಟ್ಟುಹೋಗಿದ್ದ ಅವನ ಅಂಗಿಯ ಜೇಬಿನಿಂದ ಚೀಟಿ ತೆಗೆದು ತಂದು ಎಲ್ಲರೆದುರೇ ಓದಿದಳು. ಡಾಕ್ಟರು ಚೊಕ್ಕ ಕನ್ನಡದಲ್ಲಿ ಬರೆದಿದ್ದರು. ಜೋಳದ ರೊಟ್ಟಿ, ಕಾಳು, ಸೊಪ್ಪು, ಪೇರಲಹಣ್ಣು. ದಿನವಿಡೀ ನೀರು. ರಾತ್ರಿ ಈ ಸಿರಪ್ಪು. ಊಟವಾದ ಮೇಲೆ ಹತ್ತು ನಿಮಿಷ ಕೂಡಿಸಿ, ಬೈಯಬೇಡಿ, ಹೆದರಿಸಬೇಡಿ. ತೌಡು ತಿನ್ನಿಸಿ ಎಂದು ಎಲ್ಲಿಯೂ ಇರಲಿಲ್ಲ. ಇಶ್ತಿಯಾಕ್ ಚೀಟಿ ಇಸಿದುಕೊಂಡು ಸಿರಪ್ಪು ತರಲು ಓಡಿದ. ಹೋಗುವಾಗ ಮುದುಕಪ್ಪನ ಕಿವಿಯ ಹತ್ತಿರ ಬಗ್ಗಿ, "ನಮ್ಮ ಸಣ್ಣಾವಂದೂ ಇದ ಹಣೆಬರ ಅಣ್ಣ. ಎರಡು ಬಾಟಲಿ ತರ್ತೀನಿ," ಎಂದ.

ಇಶ್ತಿಯಾಕ್ ಒಬ್ಬನೇ ಅಲ್ಲ. ಕತ್ತಲಾಗುವುದರೊಳಗೆ ಇನ್ನೂ ಮೂವರು ಗಂಡಸರು ಒಬ್ಬೊಬ್ಬರೇ ಬಂದು, ರಸ್ತೆಯ ಕಡೆ ಮುಖ ಮಾಡಿ ನಿಂತು, ಮಕ್ಕಳ ಡಾಕ್ಟರ ದವಾಖಾನೆ ಎಷ್ಟಕ್ಕೆ ತೆರೆಯುತ್ತದೆ ಎಂದು ವಿಚಾರಿಸಿದರು. ಹೋಗುವಾಗ ತಮ್ಮ ತಮ್ಮ ಬಕೆಟ್ಟನ್ನೂ ಪಾತ್ರೆಯನ್ನೂ ವಾಪಸು ಒಯ್ದರು. ಎಮ್ಮೆಯ ವಿಷಯ ಯಾರೂ ಎತ್ತಲಿಲ್ಲ. ಸತ್ತವರ ಬಗ್ಗೆ ಆಡಬಾರದು ಎಂಬಂತೆ ಇದ್ದರು.

ಮರುದಿನದಿಂದ ಉಮಾದೇವಿ ರೊಟ್ಟಿ ಬಡಿಯಲು ಕೂತಳು. ಡಾಕ್ಟರು ಹೇಳಿದಂತೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಕೂತು ರೊಟ್ಟಿ, ಹೆಸರುಕಾಳು ಪಲ್ಯ, ಪುಂಡಿಪಲ್ಯ ಉಂಡರು. ಅನ್ನಕ್ಕೆ ಒಗ್ಗಿದ್ದ ಮುದುಕಪ್ಪನ ದವಡೆ ಮೊದಲ ದಿನ ನೋಯಿತು. ಆದರೂ ಮಗಳು ನೋಡುತ್ತಿದ್ದಾಳೆಂದು ಮೂರು ರೊಟ್ಟಿ ಉಂಡ. ಅಪ್ಪ ಒಂದು ಲೋಟ ನೀರು ಕುಡಿದರೆ ಮಗಳೂ ಒಂದು ಲೋಟ ಕುಡಿಯುವುದೆಂದು ಪಂದ್ಯ. ಮಿಲ್ಲಿನಲ್ಲಿ ಅವನು ಗಳಿಗೆಗೊಮ್ಮೆ ಹೊರಗೆ ಓಡುವುದನ್ನು ನೋಡಿ ಸಾವ್ಕಾರರು, "ಏನಪಾ, ಸಕ್ಕರಿ ಬ್ಯಾನಿ ಬಂತೇನು?" ಎಂದು ಕೇಳಿದರಂತೆ. "ಇಲ್ಲ ರೀ, ಮಗಳಿಗೆ ಸಂಡಾಸ ಆಗವಲ್ದು, ಅದಕ್ಕ ನಾ ನೀರು ಕುಡ್ಯಾಕತ್ತೀನಿ," ಎಂದು ಇವನು ನಿಜವನ್ನೇ ಹೇಳಿದ. ಸಾವ್ಕಾರರಿಗೆ ಏನೂ ಅರ್ಥವಾಗಲಿಲ್ಲ. ಎಂಟು ದಿನದಲ್ಲಿ ಅವನು ಆಡಿದ ಮೊದಲ ನಿಜವನ್ನು ಯಾರೂ ನಂಬಲಿಲ್ಲ.

ಗುಲ್ಷನ್‌ಬೀ ಒಂದು ಕಾನೂನು ಮಾಡಿದ್ದಳು. ಕೂಸು ಸಂಡಾಸಕ್ಕೆ ಹೋದಾಗ ಮನೆಯವರೆಲ್ಲ ಹೊರಗಿನ ಕಟ್ಟೆಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂಡಬೇಕು. ಯಾರೂ ತಿರುಗಿ ನೋಡಕೂಡದು, ಆತೇನು ಎಂದು ಕೇಳಕೂಡದು. ಆತೇನು ಎಂದು ಕೇಳಿದ್ದಕ್ಕೆ ಗದ್ದೆಮ್ಮನನ್ನು ಎದುರು ಮನೆಯ ಕಟ್ಟೆಗೆ ಕಳಿಸಲಾಯಿತು.

ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಸ್ವಲ್ಪ ಆಯಿತು, ಸ್ವಲ್ಪ ಅಳುವೂ ಆಯಿತು. ಆದರೆ ರಾಯಚೂರಿನ ಮಾತು ಅಲ್ಲಿಗೆ ನಿಂತಿತು. ಬುಧವಾರ ಉಮಾದೇವಿ ಡಾಕ್ಟರಿಗೆ ತೋರಿಸಿ ಬಂದಳು. ಹಿಂಗೇ ನಡೀಲಿ ಎಂದರಂತೆ.

ಗುರುವಾರ ಬೆಳಿಗ್ಗೆ ಮೌನೇಶ್ವರಿ ತಾನಾಗಿಯೇ ಎದ್ದು ಹೋದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಆ ಚಿಲಕವನ್ನು ಆಕೆ ಹಾಕಿದ್ದು ಅದೇ ಮೊದಲು. ಮುದುಕಪ್ಪ ಕಟ್ಟೆಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದ. ಶಾಲೆಯ ವ್ಯಾನು ಹೋಯಿತು. ಭತ್ತದ ಟ್ರ್ಯಾಕ್ಟರು ಹೋಯಿತು. ಒಳಗಿನಿಂದ ಅಳು ಬರಲಿಲ್ಲ. ಅಳು ಬರದಿರುವುದನ್ನು ಅವನು ಉಸಿರು ಹಿಡಿದು ಕೇಳುತ್ತಿದ್ದ. ಮೊಬೈಲನ್ನು ಗುಲ್ಷನ್‌ಬೀ ಇಸಿದುಕೊಂಡಿದ್ದರಿಂದ ಎಷ್ಟು ಹೊತ್ತಾಯಿತೆಂದು ಅವನಿಗೆ ಗೊತ್ತಾಗಲಿಲ್ಲ.

ಚಿಲಕ ತೆರೆಯಿತು. ಕೂಸು ಕಟ್ಟೆಗೆ ಬಂದು ಅಪ್ಪನ ಬೆನ್ನ ಹಿಂದೆ ನಿಂತಿತು.

"ಅಪ್ಪಾ, ನೀ ತಿರುಗಿ ನೋಡಲಿಲ್ಲ ಹೌದಲ್ಲ?"

"ಇಲ್ಲವ್ವ."

"ಹಂಗಾರ ಈಗ ಬಂದು ನೋಡು."

ಮುದುಕಪ್ಪ ಎದ್ದು, ಕಾಲು ತೊಳೆದುಕೊಂಡು, ಒಳಗೆ ಹೋಗಿ ನೋಡಿದ. ಬಹಳ ಹೊತ್ತು ನೋಡಿದ. ಹೊರಗೆ ಬಂದಾಗ ಅವನ ಕಣ್ಣಿನಲ್ಲಿ ನೀರಿತ್ತು. ಉಮಾದೇವಿ ಹೋಗಿ ನೋಡಿದಳು. ಎದುರು ಮನೆಯ ಕಟ್ಟೆಯಿಂದ ಗದ್ದೆಮ್ಮ ಬಂದು ನೋಡಿ, ಮೊಮ್ಮಗಳ ದೃಷ್ಟಿ ತೆಗೆದಳು. ಉಮಾದೇವಿ ಬಕೆಟ್ ಎತ್ತಿದಾಗ ಕೂಸು ಅಡ್ಡ ಬಂತು.

"ನೀರು ಹಾಕಬ್ಯಾಡ. ಬೀ ಅಜ್ಜಿ ನೋಡಿಲ್ಲ ಇನ್ನಾ."

ಗುಲ್ಷನ್‌ಬೀಗೆ ಕರೆ ಹೋಯಿತು. ಆಕೆ ಅರ್ಧ ದಾರಿಗೆ ಬಂದು, ಕನ್ನಡಕ ಮರೆತಿದ್ದೇನೆಂದು ಮನೆಗೆ ವಾಪಸು ಹೋದ್ದರಿಂದ, ನೀರು ಹಾಕುವುದು ಇನ್ನೂ ಹತ್ತು ನಿಮಿಷ ತಡವಾಯಿತು.